ಹಲವು ಕೈಯ ಬೀಡಿ

ಮೊನ್ನೆ ಮೂಡಬಿದ್ರೆಯ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದ ಹೆಂಗಸಿನ ಚೀಲದಿಂದ ಬೀಡಿ ಎಲೆ, ಹೊಗೆಸೊಪ್ಪಿನ ವಾಸನೆ ಬಂತು. ನನಗೆ ಕೂರಲಾಗಲಿಲ್ಲ. ಎದ್ದೆ, ಅತ್ತಿತ್ತ ನಡೆದೆ, ನನ್ನ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ...

ಬಂಟ್ವಾಳದ ನಮ್ಮ ಓಣಿಯಲ್ಲಿ ಬೀಡಿ ಕಟ್ಟುವವಳೊಬ್ಬಳಿದ್ದಳು, ಅವಳನ್ನು ನಾವೆಲ್ಲರೂ ಬೀಡಿ ಅಕ್ಕ ಎನ್ನುತ್ತಿದ್ದೆವು. ಐವತ್ತರ ದಶಕದ ಕೊನೆ. ನಾನಾಗ ಕಾನ್ವೆಂಟ್ ಹುಡುಗಿ. ಅಕ್ಕನ ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದ. ದುಡ್ಡು ಬಂದರೆ ಬಂತು. ಪುಟ್ಟ ಮಗಳಿಗೆ ಹಾರ್ಟ್ ಟ್ರಬಲ್. ತಿಂಗಳು ತಿಂಗಳು ಮಂಗಳೂರಿಗೆ ಹೋಗಿ ಇಂಜೆಕ್ಷನ್ ಹಾಕಿಸಬೇಕು. ಉಸಿರು ಕಟ್ಟಿದ ದಿನ ಮಗುವನ್ನು ಎದೆಗೆ ಆನಿಸಿಕೊಂಡೇ ಕೂರಬೇಕು. ಬೀಡಿ ಕಟ್ಟುವುದು ಯಾವಾಗ? ಕಟ್ಟದಿದ್ದರೆ ಬಸ್ ಚಾರ್ಜೂ ಇಲ್ಲ, ಇಂಜೆಕ್ಷನ್ನೂ ಇಲ್ಲ.

ದುಡ್ಡು ಕೊಟ್ಟರೆ ಅಕ್ಕ ಮುಟ್ಟುತ್ತಿರಲಿಲ್ಲ. ಪ್ರೈಡ್ ಅನ್ನಿ. ಹಾಗಾಗಿ ಓಣಿಯ ಹೆಂಗಸರು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕೂತು, ಅವಳ ಎಲೆಯಲ್ಲೇ ಬೀಡಿ ಕಟ್ಟಿ ಅವಳ ಮೊರಕ್ಕೆ ಹಾಕತೊಡಗಿದರು. ಬೀಡಿ ಮುಟ್ಟಿಯೇ ಗೊತ್ತಿಲ್ಲದ ನನ್ನ ಅಮ್ಮನೂ ಕಲಿತಳು. ನಾನೂ. ಬೆರಳಿನ ವಾಸನೆಗೆ ಸಿಸ್ಟರ್ "ಡಿಸ್‌ಗ್ರೇಸ್‌ಫುಲ್!" ಎಂದು ಕೈ ತೊಳೆಸಿದ್ದರು.

ಬೀಡಿ ತೆಗೆದುಕೊಳ್ಳುವ ಬ್ರ್ಯಾಂಚಿನಲ್ಲಿ ಎಲ್ಲವೂ ಒಂದೇ ಅಳತೆಯಲ್ಲಿರಬೇಕು. ಇಲ್ಲವಾದರೆ ಎಲೆ ಕೊಡುವುದೇ ಬಂದ್. ಒಂದು ಶನಿವಾರ ಮಗುವನ್ನೆತ್ತಿಕೊಂಡು ನಾನೂ ಅಕ್ಕನ ಜೊತೆ ಹೋದೆ. ಯಜಮಾನರು ಕಟ್ಟು ಬಿಚ್ಚಿದರು.

"ಇದೆಂಥ ಮಾರಾಯ್ತಿ, ಬೀಡಿಯಾ ಬದನೆಕಾಯಿಯಾ? ನಿನಗೆ ಎಷ್ಟು ಕೈ ಉಂಟು?"

ನನ್ನ ಸೊಂಟದ ಮೇಲಿದ್ದ ಮಗು ಏದುಸಿರು ಬಿಡುತ್ತಲೇ ಹೇಳಿತು: "ದಪ್ಪದ್ದು ಬಾಯಮ್ಮಂದು!"

ಬಾಯಮ್ಮ ಎಂದರೆ ನನ್ನ ಅಮ್ಮ. ಎಲ್ಲ ಮುಗಿಯಿತು ಅಂದುಕೊಂಡೆ.

ಯಜಮಾನರು ಮಗುವಿನ ನೀಲಿ ತುಟಿ ನೋಡಿದರು. ಒಂದು ದಪ್ಪ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಅಕ್ಕನ ಲೆಕ್ಕದ ಕಾರ್ಡು ಎಳೆದುಕೊಂಡು ಪೂರ್ತಿ ಲೆಕ್ಕ ಬರೆದರು. "ಬಾಯಮ್ಮನತ್ರ ಹೇಳು, ಸ್ವಲ್ಪ ಬಿಗಿ ಸುತ್ತಲಿ ಅಂತ."

ಕೆಲವು ವರ್ಷ ಹಾಗೆಯೇ ನಡೆಯಿತು. ಆಮೇಲೆ ಒಂದು ದಿನ ಮಗು...

ಬೊಜ್ಜ, ಅಂದರೆ ಸತ್ತವರ ಕಾರ್ಯ, ಮುಗಿದ ಮೇಲೂ ಹೆಂಗಸರು ಜಗಲಿಗೆ ಬಂದರು, ಕಟ್ಟಿದರು. ಬೇರೇನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಅಕ್ಕ ಮೊರದ ಬೀಡಿಗಳನ್ನು ಬೆರಳಿನಲ್ಲಿ ಸರಿಸುತ್ತ, ಇದು ಪಕ್ಕದ ಮನೆಯ ಅತ್ತಿಗೆಯದ್ದು, ಇದು ಬಾಯಮ್ಮಂದು, ಇದು ಈ ಹುಡುಗಿಯದ್ದು ಎಂದು ಬೇರೆ ಬೇರೆ ಗುಪ್ಪೆ ಮಾಡಿದಳು. ಒಂದೂ ತಪ್ಪಲಿಲ್ಲ.

"ಇನ್ನು ಯಾರೂ ಕಟ್ಟುವುದು ಬೇಡ," ಎಂದಳು. "ನನಗೀಗ ಪುರುಸೊತ್ತು ಉಂಟು."

ಬಸ್ ಸ್ಟ್ಯಾಂಡಿನ ಆ ಹೆಂಗಸಿನಿಂದ ಒಂದು ಎಲೆ ಕೇಳಿ ತಂದಿದ್ದೇನೆ. ಸುತ್ತುತ್ತೇನೆ, ಬಿಚ್ಚುತ್ತೇನೆ, ಮತ್ತೆ ಸುತ್ತುತ್ತೇನೆ. ಅಕ್ಕ ಹೋಗಿ ಎಷ್ಟೋ ಕಾಲವಾಯಿತು. ಇದು ನನ್ನ ಕೈಯದ್ದೆಂದು ನೋಡಿ ಹೇಳಬಲ್ಲವರು ಈಗ ಯಾರೂ ಇಲ್ಲ...