ನಾನೇ ಹೇಳಬೇಕಿದ್ದ ಮಾತು

ಅಫಜಲಪುರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಂದು ಹೊಲಿಗೆ ಕ್ಲಾಸ್ ಇತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ನನಗಾಗ ಇಪ್ಪತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಕಲಿಸುತ್ತಿದ್ದವರು ಗಂಡನನ್ನು ಕಳೆದುಕೊಂಡ ಒಬ್ಬ ಹಿರಿಯ ಹೆಂಗಸು; ನಾವೆಲ್ಲ ಅವರನ್ನು ಬಾಯಿಯವರು ಅನ್ನುತ್ತಿದ್ದೆವು. ಮಧ್ಯಾಹ್ನ ಗಂಡಸರು ಹೊಲ, ಅಂಗಡಿ ಅಂತ ಹೋದ ಮೇಲೆ ಅವರ ಪಡಸಾಲೆಯಲ್ಲಿ ನಾವು ನಾಲ್ಕು ಜನ ಸೇರುತ್ತಿದ್ದೆವು. ಜಂಪರ್ ಹೊಲಿದದ್ದಕ್ಕಿಂತ ಮಾತಾಡಿದ್ದೇ ಹೆಚ್ಚು.

ಮನೆಯಲ್ಲಿ ಆಡಲಾಗದ್ದೆಲ್ಲ ಅಲ್ಲಿ ಹೊರಗೆ ಬರುತ್ತಿತ್ತು. ಒಬ್ಬಳು ಗಂಡ ಕುಡಿದು ಹೊಡೆಯುತ್ತಾನೆಂದು ತೋಳಿನ ಬಾಸುಂಡೆ ತೋರಿಸಿದ್ದಳು. ಇನ್ನೊಬ್ಬಳು ಮದುವೆಗೆ ಮುಂಚೆ ಒಬ್ಬನನ್ನು ಮೆಚ್ಚಿದ್ದೆ ಎಂದು ಹೇಳಿ ತಾನೇ ನಾಚಿ ನಕ್ಕಿದ್ದಳು. ಅಂಥ ಮಾತು ಶುರುವಾದಾಗ ಬಾಯಿಯವರು ಎದ್ದು ಬಾಗಿಲು ಮುಂದೆ ಮಾಡಿ ಬರುತ್ತಿದ್ದರು. "ಇಲ್ಲಿ ಆಡಿದ್ದು ಇಲ್ಲೇ ಇರ್ಲಿ" ಎಂದಷ್ಟೇ ಹೇಳುತ್ತಿದ್ದರು. ನಾವು ತಲೆಯಾಡಿಸುತ್ತಿದ್ದೆವು.

ನನ್ನದೂ ಒಂದು ಇತ್ತು. ಸಣ್ಣವಳಿದ್ದಾಗ ನನಗೆ ಮೂರ್ಛೆ ಬರುತ್ತಿತ್ತು. ಗುಲಬರ್ಗಾದ ಡಾಕ್ಟರು ಗುಳಿಗೆ ಕೊಟ್ಟ ಮೇಲೆ ನಿಂತಿತ್ತು, ಆದರೆ ಗುಳಿಗೆ ನಿಲ್ಲಿಸುವಂತಿರಲಿಲ್ಲ. ಅವ್ವ ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದಳು. ಒಂದು ದಿನ ಕ್ಲಾಸಿನಲ್ಲಿ ನಾನು ನೀರು ಕುಡಿಯುವ ನೆವದಲ್ಲಿ ಗುಳಿಗೆ ಬಾಯಿಗೆ ಹಾಕಿಕೊಂಡದ್ದನ್ನು ಪಕ್ಕದ ಮಷೀನಿನವಳು ನೋಡಿಬಿಟ್ಟಳು. ನೆಲೋಗಿ ಅವಳ ತವರು, ಅಫಜಲಪುರಕ್ಕೆ ಸೊಸೆಯಾಗಿ ಬಂದವಳು. ಎಲ್ಲರಿಗಿಂತ ನನಗೆ ಹತ್ತಿರ. ಏನು ಅಂತ ಕೇಳಿದಳು. ಅವಳೊಬ್ಬಳಿಗೇ ಹೇಳಬಹುದಿತ್ತು. ಆದರೆ ಉಳಿದವರು ಅಷ್ಟೆಲ್ಲ ಬಿಚ್ಚಿ ಹೇಳಿಕೊಂಡಿರುವಾಗ ನಾನು ಮುಚ್ಚಿಡುವುದು ಸರಿಯಲ್ಲ ಅನ್ನಿಸಿ ಎಲ್ಲರ ಮುಂದೆಯೂ ಹೇಳಿದೆ. ಹೇಳಿದ ಮೇಲೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಬಾಸುಂಡೆಯ ಹೆಂಗಸು ನನ್ನ ಬೆನ್ನು ಸವರಿದಳು.

ಆ ಬೇಸಿಗೆಯ ಕೊನೆಗೆ ಜೇವರ್ಗಿಯಿಂದ ಒಂದು ಸಂಬಂಧ ಬಂತು. ಹುಡುಗ ಹೈಸ್ಕೂಲಿನಲ್ಲಿ ಮಾಸ್ತರ. ನೋಡಲು ಬಂದಾಗ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಅಂತ ಕೇಳಲಿಲ್ಲ. ಮದುವೆಯಾದ ಮೇಲೂ ಹೊಲಿಗೆ ಮುಂದುವರಿಸುವ ಮನಸ್ಸಿದೆಯೇ ಅಂತ ಕೇಳಿದ. ಇದೆ ಎಂದೆ. ಹಾಗಾದರೆ ಕಿಟಕಿ ಹತ್ತಿರ ಮಷೀನಿಗೆ ಜಾಗ ಇದೆ ಎಂದ. ಆ ಒಂದು ಮಾತಿಗೆ ನಾನು ಅವನನ್ನು ಒಪ್ಪಿದೆ. ಶ್ರಾವಣ ಮುಗಿದ ಮೇಲೆ ನಿಶ್ಚಯ ಮಾಡೋಣ ಎಂದು ಹಿರಿಯರು ಮಾತಾಡಿಕೊಂಡರು.

ಗುಳಿಗೆಯ ವಿಷಯ ನಿಶ್ಚಯಕ್ಕೆ ಮುಂಚೆ ನಾನೇ ಅವನಿಗೆ ಹೇಳುತ್ತೇನೆ ಎಂದು ಮನೆಯಲ್ಲಿ ಹಟ ಹಿಡಿದೆ. ಅವ್ವ ಹಣೆ ಬಡಿದುಕೊಂಡಳು. ಅಪ್ಪ ಎರಡು ದಿನದ ಮೇಲೆ ಒಪ್ಪಿದ. ಶ್ರಾವಣದ ಒಂದು ಗುರುವಾರ ಎರಡೂ ಮನೆಯವರು ಗಾಣಗಾಪುರಕ್ಕೆ ದರ್ಶನಕ್ಕೆ ಹೋಗುವುದೆಂದಾಯಿತು. ಅಲ್ಲಿ ಹೇಳುವುದು ಅಂತ ನಾನು ಗಟ್ಟಿ ಮಾಡಿಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯಾವ ಮಾತಿನಿಂದ ಶುರು ಮಾಡಲಿ ಎಂದೇ ಯೋಚಿಸುತ್ತಿದ್ದೆ.

ದರ್ಶನ ಮುಗಿಸಿ ಸಂಗಮದ ಹತ್ತಿರ ನೆರಳಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಉಂಡ ಮೇಲೆ ನದಿಯ ಕಡೆಗೆ ನಾಲ್ಕು ಹೆಜ್ಜೆ ಹಾಕಿ ಅವನಿಗೆ ಹೇಳಬೇಕು ಅಂದುಕೊಳ್ಳುತ್ತಿರುವಾಗಲೇ ಹುಡುಗನ ತಾಯಿ ತಂಬಿಗೆಯನ್ನು ನನ್ನ ಕಡೆ ಸರಿಸಿದಳು.

"ಊಟಾದ ಮ್ಯಾಲ ಗುಳಿಗಿ ತಗೋತೀಯಲ್ಲವ್ವಾ? ನೀರು ಇಲ್ಲೇ ಅದ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವ್ವನ ಕೈ ರೊಟ್ಟಿಯ ಮೇಲೇ ನಿಂತಿತು. ಅಪ್ಪ ತಡವರಿಸುತ್ತ, ಇವತ್ತು ಅದನ್ನು ಹೇಳಬೇಕೆಂದೇ ಬಂದಿದ್ದೇವೆ ಎಂದ.

"ಇರ್ಬೋದ್ರಿ," ಎಂದಳು ಆಕೆ. "ಆದ್ರ ನಮಗ ಗೊತ್ತಾಗಿದ್ದು ನೆಲೋಗಿಯಿಂದ. ನಿಮ್ಮಿಂದಲ್ಲ."

ನಾನು ಹುಡುಗನನ್ನು ನೋಡಿದೆ. ನಾನೇ ಹೇಳುವವಳಿದ್ದೆ ಎಂದೆ. ಅವನು ನದಿಯ ಕಡೆ ನೋಡುತ್ತ, "ಗೊತ್ತಾದ ಮ್ಯಾಲ ಎಲ್ಲಾರೂ ಹಂಗೇ ಅಂತಾರ" ಎಂದ.

ಸಂಬಂಧ ಅಲ್ಲಿಗೇ ಮುರಿಯಿತು. ಅದನ್ನು ನಾನು ನುಂಗಿಕೊಳ್ಳಬಹುದಿತ್ತು. ಗುಳಿಗೆಯ ವಿಷಯ ಕೇಳಿ ಅವನೇ ಬೇಡ ಅಂದಿದ್ದರೂ ಅದು ಅವನ ಇಷ್ಟ. ಆದರೆ ಮುಚ್ಚಿಟ್ಟವಳು ಅನ್ನಿಸಿಕೊಂಡು ಬಂದೆ. ಅದನ್ನು ಇವತ್ತಿಗೂ ನುಂಗಲಾಗಿಲ್ಲ.

ಮರುದಿನ ಕ್ಲಾಸಿಗೆ ಹೋದೆ. ನೆಲೋಗಿಯವಳು ಲಂಗದ ಅಂಚು ಮಡಚುತ್ತಿದ್ದಳು. ಪಂಚಮಿಗೆ ತವರಿಗೆ ಹೋದಾಗ ಯಾರ ಮುಂದೆ ಹೇಳಿದೆ ಎಂದು ಕೇಳಿದೆ. ಇಲ್ಲ ಅನ್ನಲಿಲ್ಲ. ಹಬ್ಬದ ಉಂಡಿ ಕಟ್ಟಲು ಓಣಿಯ ಹೆಂಗಸರೆಲ್ಲ ಕೂತಿದ್ದರಂತೆ. ಅವರಲ್ಲಿ ಹುಡುಗನ ಸೋದರತ್ತೆಯೂ ಒಬ್ಬಳು. ಅಫಜಲಪುರದ ಕನ್ಯೆ ಹೇಗಿದ್ದಾಳೆ ಅಂತ ಆಕೆ ಕೇಳಿದಳಂತೆ.

"ನಿನ್ನ ಹೊಗಳೇ ಮಾತಾಡೀನಿ ಬೇ. ಗುಳಿಗಿ ನುಂಗ್ಕೋತನೂ ಎಷ್ಟು ಚಂದ ಕೆಲಸಾ ಮಾಡ್ತಾಳ ಅಂದೆ. ಅಲ್ಲಿ ಹೊರಗಿನವ್ರು ಯಾರಿದ್ರು? ಎಲ್ಲಾ ನಮ್ಮವ್ರೇ."

"ನಿನ್ನವ್ರು. ನನಗ ಅವ್ರು ಯಾರು?"

ಅವಳಿಗೂ ಸಿಟ್ಟು ಬಂತು. "ನೀನೇ ಇಷ್ಟು ಮಂದಿ ಮುಂದ ಹೇಳಿದ್ದಿ. ಇಷ್ಟು ಮಂದಿಗೆ ಗೊತ್ತಿದ್ದದ್ದು ಗುಟ್ಟು ಹ್ಯಾಂಗಾಗ್ತದ?"

ಆಗ ಮೂಲೆಯ ಮಷೀನಿನ ಸದ್ದು ನಿಂತಿತು. ತೋಳಿನ ಬಾಸುಂಡೆ ತೋರಿಸಿದ್ದ ಹೆಂಗಸು ಎದ್ದು ಬಂದು, ಮೆಲ್ಲಗೆ ಕೇಳಿದಳು: "ನಂದೂ ಹೇಳೀಯೇನು?"

ನೆಲೋಗಿಯವಳು ತಲೆ ಎತ್ತಲಿಲ್ಲ. ಆ ಹೆಂಗಸು ಬಟ್ಟೆ ಸುತ್ತಿಕೊಂಡು ಹೋದಳು, ಮತ್ತೆ ಬರಲಿಲ್ಲ. ಅವಳ ಗಂಡನ ಕಿವಿಗೆ ಏನು ಬಿತ್ತೋ, ಬೀಳಲಿಲ್ಲವೋ, ನನಗೆ ತಿಳಿಯಲಿಲ್ಲ. ಕೇಳಲು ಅವಳ ಮನೆಗೆ ಹೋಗುವುದೂ ಅಪಾಯವೇ ಆಗಿತ್ತು. ಬಾಯಿಯವರು ಯಾರನ್ನೂ ಬೈಯಲಿಲ್ಲ. ಆದರೆ ಆ ದಿನದಿಂದ ಬಾಗಿಲು ಪೂರ್ತಿ ತೆರೆದೇ ಇಟ್ಟರು. ಅಳತೆ, ನೂಲು, ಗುಂಡಿ ಇಷ್ಟೇ ಮಾತು. ನಾನು ಕಲಿಕೆ ಮುಗಿಸುವವರೆಗೂ ನೆಲೋಗಿಯವಳ ಪಕ್ಕದಲ್ಲೇ ಕೂತೆ. ಕತ್ತರಿ ಕೇಳಿದರೆ ಕೊಟ್ಟೆ, ಅಷ್ಟೇ.

ಕೆಲವು ವರ್ಷಗಳ ಮೇಲೆ ಆಳಂದಕ್ಕೆ ಸೊಸೆಯಾಗಿ ಹೋದೆ. ಈ ಸಲ ನೋಡಲು ಬಂದ ದಿನವೇ, ಚಹದ ಕಪ್ಪು ಕೈಗೆ ಕೊಡುವ ಮುಂಚೆಯೇ ಎಲ್ಲರ ಎದುರು ಹೇಳಿದ್ದೆ. ಅವರು ಡಾಕ್ಟರನ್ನು ಕೇಳಿಕೊಂಡು ಬಂದು ಒಪ್ಪಿದರು. ಗಂಡ ಒಳ್ಳೆಯವನು. ನಾನು ಮನೆಯಲ್ಲೇ ಹೊಲಿಗೆ ಶುರು ಮಾಡಿದೆ. ಅಕ್ಕಪಕ್ಕದ ಹೆಂಗಸರು ಬಂದು ಕೂತು ತಮ್ಮ ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದರು. ಕೇಳುತ್ತಿದ್ದೆ. ನನ್ನದೇನನ್ನೂ ಹೇಳುತ್ತಿರಲಿಲ್ಲ. ಬಿಗುಮಾನದವಳು ಎಂದು ಹೆಸರಾಯಿತು.

ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಡಾಕ್ಟರು ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ, ಕೊನೆಗೆ ಇನ್ನು ಬೇಡ ಎಂದರು. ಆ ಸುದ್ದಿಯನ್ನು ಗಂಡನಿಗೆ ಮಾತ್ರ ಹೇಳಿದೆ. ಸಂಜೆ ಅವನ ಅಕ್ಕ ಪೇಡೆ ಹಿಡಿದುಕೊಂಡು ಬಂದಳು, ಹಿಂದೆ ಓಣಿಯ ನಾಲ್ಕು ಹೆಂಗಸರು. ನಾನು ಒಳಗೆ ಹೋಗಿ ಕೂತುಬಿಟ್ಟೆ.

"ಒಳ್ಳೇ ಸುದ್ದಿ ಅಲ್ಲೇನು? ಖುಷಿಗೆ ಹೇಳೀನಿ," ಎಂದ ಗಂಡ. ಅವನ ಮುಖದಲ್ಲಿ ನಿಜವಾದ ಗಾಬರಿ ಇತ್ತು.

ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಅದನ್ನೂ ನಾನೇ ಹೇಳಬೇಕಿತ್ತು, ಯಾರಿಗೆ ಅಂತ ಇನ್ನೂ ಯೋಚಿಸುತ್ತಿದ್ದೆ ಎಂದು ಹೇಳಲು ಹೋದೆ. ಅದರ ಬದಲು ಸೆರಗು ಸರಿಮಾಡಿಕೊಂಡು ಎದ್ದೆ. ಹೊರಗೆ ಅವನ ಅಕ್ಕ ಎಲ್ಲರಿಗೂ ಪೇಡೆ ಹಂಚುತ್ತಿದ್ದಳು.