ವಯಸ್ಸು ದಾಟಿದ ಎಂಜಿನ್ನಿಗೆ ಅಮಸಿದ್ದನ ಸಹಿ

ಯಂಕಂಚಿಯ ಅಮಸಿದ್ದನಿಗೆ ವಿಮಾನದ ಮೊದಲ ಪಾಠ ಕಲಿಸಿದವಳು ಅವನ ತಾಯಿ ಇಂದ್ರಾಬಾಯಿ. ವಿಮಾನವನ್ನು ಆಕೆ ಹತ್ತಿರದಿಂದ ಕಂಡವಳೇ ಅಲ್ಲ. ಬೆಳಿಗ್ಗೆ ಎದ್ದರೆ ಎತ್ತಿನ ಸಗಣಿ ನೋಡುತ್ತಿದ್ದಳು, ಒಳಗಿನ ಸುದ್ದಿಯೆಲ್ಲ ಅಲ್ಲೇ ಸಿಗುತ್ತದೆ ಎನ್ನುತ್ತಿದ್ದಳು.

ಈಗ ಅಮಸಿದ್ದ ಸಿಂದಗಿ ಕಡೆಯ ಬಯಲಲ್ಲಿರುವ ವಿಮಾನ ತರಬೇತಿ ಶಾಲೆಯ ಮೆಕ್ಯಾನಿಕ್. ಶಾಲೆಗೆ ಇರುವುದು ಎರಡು ಸೀಟಿನ ಒಂದೇ ವಿಮಾನ. ಅದರ ಎಂಜಿನ್ ಎರಡು ಸಾವಿರ ತಾಸು ಓಡಿದ ಮೇಲೆ ಪೂರ್ತಿ ಬಿಚ್ಚಿ ರಿಪೇರಿ ಮಾಡಿಸಬೇಕೆಂದು ತಯಾರಿಸಿದ ಕಂಪನಿಯ ಸಲಹೆ. ಮಾಲೀಕ ಸಂಜೀವಕುಮಾರರಿಗೆ ಸಲಹೆ ಕೊಡುವ ಅಭ್ಯಾಸವಿದೆ, ತೆಗೆದುಕೊಳ್ಳುವ ಅಭ್ಯಾಸವಿಲ್ಲ.

ಎರಡು ಸಾವಿರ ತಾಸು ತುಂಬಿದಾಗ ಬಿಚ್ಚಿಸುವುದು ಬೇಡವೆಂದರು. ಅಮಸಿದ್ದನೂ ಆಗ ಅವರ ಪರವಾಗಿಯೇ ನಿಂತ. ವಯಸ್ಸಾಯಿತೆಂದು ಗಟ್ಟಿ ಎತ್ತನ್ನು ಯಾರಾದರೂ ಮಾರುತ್ತಾರೆಯೇ? ಐವತ್ತು ತಾಸಿಗೊಮ್ಮೆ ಎಣ್ಣೆ ಸೋಸುವ ಫಿಲ್ಟರ್ ಕತ್ತರಿಸಿ ನೋಡೋಣ, ಲೋಹದ ಚೂರು ಕಾಣದಿದ್ದರೆ ಓಡಿಸೋಣ ಎಂದ. ವಿಮಾನಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಯೂ ಒಪ್ಪಿತು. ಹೀಗೆ ಮುನ್ನೂರು ತಾಸು ಹೆಚ್ಚಿಗೆ ಓಡಿತು. ಬಂದವರಿಗೆಲ್ಲ ಸಂಜೀವಕುಮಾರರು ಅವನನ್ನು ತೋರಿಸಿ ನಮ್ಮ ವಿಜ್ಞಾನಿ ಎನ್ನತೊಡಗಿದರು. ಸಂಬಳದ ಮಟ್ಟಿಗೆ ಮಾತ್ರ ವಿಜ್ಞಾನಿ ಮೆಕ್ಯಾನಿಕ್ ಆಗಿಯೇ ಉಳಿದ.

ಕಳೆದ ವರ್ಷ ಒಂದು ದಿನ ಫಿಲ್ಟರಿನ ಮಡಿಕೆಗಳಲ್ಲಿ ಏನೋ ಮಿಣಿಮಿಣಿ ಎಂದಿತು. ಅಯಸ್ಕಾಂತ ಹಿಡಿದರೆ ಅಂಟಿಕೊಂಡಿತು. ಉಕ್ಕಿನ ಚೂರು! ಎಂಜಿನ್ನಿನ ಒಳಗೇ ಏನೋ ಸವೆಯುತ್ತಿತ್ತು. ಮರುದಿನ ಅದೇ ವಿಮಾನದಲ್ಲಿ ಗೊಳಸಂಗಿಯ ವಿದ್ಯಾರ್ಥಿನಿ ಕಾವೇರಿ ಮೊದಲ ಸಲ ಒಬ್ಬಳೇ ಹಾರುವವಳಿದ್ದಳು. ಅಮಸಿದ್ದ ಓಡಿಹೋಗಿ ಮಾಲೀಕರಿಗೆ ತಿಳಿಸಿದ.

ಅವರ ಕಣ್ಣಿಗೆ ವಿಜ್ಞಾನಿ ಒಮ್ಮೆಲೇ ಅಂಜುಬುರುಕನಾದ. "ವಯಸ್ಸಿನಾಗ ಏನೂ ಇಲ್ಲ ಅಂತ ನೀನ ಹೇಳಿದ್ದೆಲ್ಲೋ? ಇನ್ನೊಂದು ಐವತ್ತು ತಾಸು ಓಡಲಿ, ಸಹಿ ಮಾಡು" ಎಂದು ಸಂಜೀವಕುಮಾರರು ವಿಮಾನದ ದಾಖಲೆ ಪುಸ್ತಕ ಮುಂದೆ ತಳ್ಳಿದರು.

"ನೋಡ್ಕೋತ ಓಡಸೂಣು ಅಂದಿದ್ದೆರಿ. ಈಗ ನೋಡೇನಿ" ಎಂದ ಅಮಸಿದ್ದ.

ಪುಸ್ತಕ ಎಳೆದುಕೊಂಡು, ಉಕ್ಕಿನ ಚೂರು ಕಂಡಿದೆ, ಹಾರಿಸಬಾರದು ಎಂದು ಬರೆದು ಕೆಳಗೆ ದಪ್ಪಗೆ ಸಹಿ ಹಾಕಿದ. ಸಾಹೇಬರು ಕೇಳಿದ್ದು ಸಹಿಯನ್ನೇ ತಾನೆ? ಆ ಬರಹದ ಮೇಲೆ ವಿಮಾನ ಹಾರಿಸುವ ಧೈರ್ಯ ಅವರಿಗಿರಲಿಲ್ಲ.

ಎಂಜಿನ್ ಬಿಚ್ಚಿದಾಗ ಒಳಗಿನ ಭಾಗವೊಂದು ಸವೆದು ಹಲ್ಲು ಹೋದ ವಸಡಿನಂತಾಗಿತ್ತು. ಸುರಕ್ಷತೆಯ ವಿಷಯದಲ್ಲಿ ತಾವು ಯಾರ ಮಾತನ್ನೂ ಕೇಳುವುದಿಲ್ಲ ಎಂದು ಸಂಜೀವಕುಮಾರರು ಈಗ ಬಂದವರಿಗೆ ಹೇಳುತ್ತಾರೆ. ಆ ಮಾತು ಸುಳ್ಳಲ್ಲ.

ಹಾರುವ ದಿನ ತಪ್ಪಿಸಿದ್ದಕ್ಕೆ ಕಾವೇರಿ ಮೂರು ತಿಂಗಳು ಅಮಸಿದ್ದನೊಡನೆ ಮಾತು ಬಿಟ್ಟಳು. ಸಮಾಧಾನ ಮಾಡು ಎಂದು ಶಾಲೆಯ ಲೆಕ್ಕ ಬರೆಯುವ ನಾನೇ ಒಮ್ಮೆ ಅವನಿಗೆ ಹೇಳಿದೆ.

"ಇರ್ಲಿ ಬಿಡ್ರಿ" ಎಂದ. "ಸಿಟ್ಟಾಗಾಕ ಅಕಿ ಅದಾಳಲ್ಲ."