ಅಜ್ಜಿಗೆ ಹೇಳದ ಕಪ್ಪೆ

ನಾನು ಎಂ.ಎಸ್ಸಿ. ಮಾಡಿದ್ದು ಪ್ರಾಣಿಶಾಸ್ತ್ರದಲ್ಲಿ. ಆದರೆ ಸಾಗರದ ನಮ್ಮ ಬೀದಿಯಲ್ಲಿ ವಿಚಾರಿಸಿ ನೋಡಿ, ಈಗಲೂ ಸಸ್ಯಶಾಸ್ತ್ರ ಎಂದೇ ಹೇಳುತ್ತಾರೆ. ತಪ್ಪು ಅವರದಲ್ಲ. ಆ ಸುಳ್ಳನ್ನು ಶುರು ಮಾಡಿದವನು ನಾನೇ.

ಅರವತ್ತರ ದಶಕದ ಮಾತು. ನಮ್ಮ ಅಜ್ಜಿ ಬಹಳ ಮಡಿಯವಳು. ರಜೆಗೆ ಬಂದಾಗಲೆಲ್ಲ ಒದ್ದೆ ಪಂಚೆಯುಟ್ಟು ಅವಳ ಕುಡಿಯುವ ನೀರನ್ನು ಬಾವಿಯಿಂದ ಸೇದಿ ತರುವುದು ನನ್ನ ಕೆಲಸ. ಮನೆಯಲ್ಲಿ ಅಷ್ಟು ಜನರಿದ್ದೂ ಆ ತಾಮ್ರದ ಕೊಡವನ್ನು ಅವಳು ನನಗೇ ಕೊಡುತ್ತಿದ್ದಳೆಂಬುದು ಪದವಿಗಿಂತ ದೊಡ್ಡ ಹೆಮ್ಮೆ ನನಗೆ. ಇದೇ ಕೈ ಯೂನಿವರ್ಸಿಟಿಯಲ್ಲಿ ಕಪ್ಪೆ ಕೊಯ್ಯುತ್ತದೆಂದು ತಿಳಿದರೆ ಆ ನೀರನ್ನು ಮುಟ್ಟಿಯಾಳೆ? ಗಿಡಮರ ಓದುತ್ತಿದ್ದೇನೆ ಎಂದುಬಿಟ್ಟೆ.

ಆಮೇಲೆ ಶುರುವಾಯಿತು ನೋಡಿ ಫಜೀತಿ. ಹೊಸನಗರದ ಮಾವ ಬಾಡಿದ ಎಲೆಯೊಂದನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಬಸ್ಸಿಳಿದು, ಇದು ಯಾವ ರೋಗ ಎಂದು ಕೇಳಿದ. ಮಲ್ಲಿಗೆ ಯಾಕೆ ಮೊಗ್ಗು ಬಿಡುತ್ತಿಲ್ಲ ಎಂದು ತೀರ್ಥಹಳ್ಳಿಯ ಚಿಕ್ಕಮ್ಮ ಕಾಗದ ಬರೆದಳು. ನಾನು ಹುಬ್ಬು ಗಂಟಿಕ್ಕಿ, ಬಾಯಿಗೆ ಬಂದ ಲ್ಯಾಟಿನ್ ಹೆಸರೊಂದನ್ನು ಎಸೆದು, ಬುಡಕ್ಕೆ ಬೂದಿ ಹಾಕಿ ಎನ್ನುತ್ತಿದ್ದೆ. ಆ ಲ್ಯಾಟಿನ್ನೆಲ್ಲ ಜಿರಲೆ, ಎರೆಹುಳುಗಳದು. ದೇವರ ದಯೆ, ಮಲ್ಲಿಗೆ ಹೂ ಬಿಟ್ಟಿತು.

ಎರಡನೆಯ ವರ್ಷದ ರಜೆಯಲ್ಲಿ ಒಂದು ಬೆಳಿಗ್ಗೆ, ನಾನು ತಂದಿಟ್ಟ ಕೊಡದೊಳಗೆ ಕಪ್ಪೆಯೊಂದು ಕೂತಿತ್ತು. ಅಜ್ಜಿ ನನ್ನನ್ನೇ ಕರೆದಳು. ಕೈ ಹಾಕಿದೆ, ನುಣುಚಿಕೊಂಡಿತು. ಮತ್ತೆ ಹಾಕಿದೆ, ನನ್ನ ಮೂಗಿನ ಮೇಲೆ ಹಾರಿ, ಅಲ್ಲಿಂದ ದೇವರ ಮಂಟಪದ ಕೆಳಗೆ ನುಗ್ಗಿತು. ಲ್ಯಾಬಿನಲ್ಲಿ ನಮಗೆ ಸಿಗುತ್ತಿದ್ದದ್ದು ಕ್ಲೋರೋಫಾರ್ಮ್ ಮೂಸಿ ಅಂಗಾತ ಮಲಗಿದ ಕಪ್ಪೆಗಳು. ಓಡಾಡುವ ಕಪ್ಪೆ ಸಿಲೆಬಸ್ಸಿನಲ್ಲಿ ಇರಲಿಲ್ಲ.

ಅಂತೂ ಮೂಲೆಯಲ್ಲಿ ಸಿಕ್ಕಿಬಿದ್ದದ್ದನ್ನು ಬೊಗಸೆಯಲ್ಲಿ ಹಿಡಿದು ಎದ್ದೆ. ಅಜ್ಜಿ ಬಾಗಿಲು ಬಿಟ್ಟು ಸರಿದು ನಿಂತು ಮೆಲ್ಲಗೆ ಹೇಳಿದಳು: "ಅದ್ನ ಕೊಯ್ಯಡ ಮಾಣಿ. ಬಾವಿಕಟ್ಟೆ ಹತ್ರ ಬಿಟ್ಟಿಕ್ಕೆ ಬಾ."

ನಾನು ಕೊಯ್ಯುವುದು ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಮೊದಲ ರಜೆಯಲ್ಲೇ ನನ್ನ ರೆಕಾರ್ಡ್ ಪುಸ್ತಕ ಬಿಡಿಸಿ ನೋಡಿದ್ದಳಂತೆ. ಇಂಗ್ಲಿಷ್ ಬರದಿದ್ದರೇನು, ಕಪ್ಪೆಯ ಕರುಳಿನ ಚಿತ್ರ ಯಾರಿಗಾದರೂ ತಿಳಿಯುತ್ತದೆ. ಅಂದರೆ ಇಷ್ಟೂ ದಿನ ಗೊತ್ತಿದ್ದೇ ನನ್ನ ಕೈಯ ನೀರು ಕುಡಿದಿದ್ದಳು. ನಾಚಿಕೆಯಿಂದ ಕಣ್ಣು ತುಂಬಿತು.

"ಮಿಂದ್ಕಂಡು ಬೇರೆ ನೀರು ತಗಂಬಾ," ಎಂದಳು. "ಬಾಯಿ ಒಣಗ್ತಾ ಇದ್ದು."

ಮಾರನೆಯ ದಿನ ಹೊಸನಗರದ ಮಾವ ಮತ್ತೊಂದು ಎಲೆ ತಂದ. ನಾನು ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅದನ್ನು ಇಸಿದುಕೊಂಡು, ನಮ್ಮ ಮಾಣಿ ಗಿಡ ಓದಿದವನು, ಬುಡಕ್ಕೆ ಬೂದಿ ಹಾಕು ಎನ್ನುತ್ತಾನೆ ನೋಡು ಎಂದಳು.